ಬರೋ ರೀಡಿಂಗ್ ತನಕ

“ಊರವರ ಮನೆ ಮೀಟರ್ ಎಲ್ಲಾ ಓದ್ತಾನೆ. ಸ್ವಂತ ಮನೆ ಮುಂದೆ ಬಂದ್ರೆ ಮಾತ್ರ ಇವನ ಬುದ್ಧಿ ಮೇಯೋಕೆ ಹೋಗುತ್ತೆ,” ಅಂದರು ದೊಡ್ಡಪ್ಪ, ಗೇಟಿಗೆ ಒರಗಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ. “ಒಂಬತ್ತನೇ ಕ್ಲಾಸಿಗೇ ಪುಸ್ತಕ ಬಿಸಾಕಿದ ಗಿರಾಕಿ ತಾನೇ. ಅಂಕಿ ಬರೆಯೋದು ಕಲಿತ, ಯಾರ ಉಪ್ಪು ತಿಂದಿದೀನಿ ಅನ್ನೋದು ಕಲೀಲಿಲ್ಲ. ಅಮ್ಮ ಹಿತ್ತಲಲ್ಲಿ ಕೂತು ಕಂಡವರ ಕೊಳೆ ನಮ್ಮ ನೀರಲ್ಲಿ ತೊಳೀತಾಳೆ. ಮಗ ಮುಂದುಗಡೆ ನಿಂತು ಬಿಲ್ ಹರಿದು ನಮ್ಮ ಕೈಗೇ ಕೊಡ್ತಾನೆ. ಎಂಥ ಜೋಡಿ ನೋಡಿ.”

ಎದುರು ಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಪಕ್ಕದ ಮನೆಯ ನಿವೃತ್ತ ಡ್ರೈವರ್ ಪೇಪರು ಮಡಚಿ, ಇನ್ನೂ ಏನಾದರೂ ಬೀಳುತ್ತದೋ ಎಂದು ಕಾದರು.

ಅವನು ಗೇಟಿನ ಪಕ್ಕದ ಮೀಟರ್ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕಬ್ಬಿಣದ ಮುಚ್ಚಳ ಪಕ್ಕಕ್ಕಿತ್ತು. ಕೈಯಲ್ಲಿದ್ದ ಯಂತ್ರ ಚೀಟಿಯನ್ನು ಇನ್ನೂ ಉಗುಳುತ್ತಲೇ ಇತ್ತು. ನೀರು ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಕುಕ್ಕರ್ ಅಂತ. ಬೇಗ ಕಾಯುತ್ತಾನೆ, ಕಾದರೆ ಸದ್ದು ಮಾಡದೆ ಇರುವುದಿಲ್ಲ. ಆದರೆ ಕುತ್ತಿಗೆಗೆ ಕಚೇರಿಯ ಗುರುತಿನ ಚೀಟಿ ನೇತುಹಾಕಿಕೊಂಡು ಬೀದಿಯಲ್ಲಿ ಜಗಳ ಆಡಿದರೆ ಸಂಜೆಗೆ ಕೆಲಸ ಇರುವುದಿಲ್ಲ ಅನ್ನುವುದು ದೊಡ್ಡಪ್ಪನಿಗೂ ಗೊತ್ತು, ಅವನಿಗೂ ಗೊತ್ತು. ಅದಕ್ಕೇ ದೊಡ್ಡಪ್ಪ ಈ ಹೊತ್ತು, ಈ ಜಾಗ ಆರಿಸಿಕೊಂಡಿದ್ದರು.

ಅಷ್ಟರಲ್ಲಿ ಅಮ್ಮ ಸೊಂಟದ ಮೇಲೆ ಒಗೆದ ಬಿಳಿ ಹಾಸುಬಟ್ಟೆಗಳ ಗಂಟು ಹೊತ್ತು ಮನೆಯ ಪಕ್ಕದ ಸಂದಿಯಿಂದ ಬಂದಳು. ಎಲ್ಲ ಕೇಳಿಸಿಕೊಂಡೇ ಬಂದಿದ್ದಳು.

“ಸ್ವಲ್ಪ ದಾರಿ ಬಿಡಿ ಭಾವ. ಲಾಡ್ಜಿಗೆ ತಡ ಆಗುತ್ತೆ,” ಅಂದಳು.

ದೊಡ್ಡಪ್ಪ ದಾರಿ ಬಿಟ್ಟರು. ಅಮ್ಮ ತಲೆ ತಗ್ಗಿಸದೆ ಬೀದಿಯ ನಡುಮಧ್ಯೆ ನಡೆದುಹೋದಳು.

ದೊಡ್ಡಪ್ಪನ ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ. ಮನೆ ತಾತ ಕಟ್ಟಿಸಿದ್ದು. ಕೆಳಗೆ ದೊಡ್ಡಪ್ಪ, ದೊಡ್ಡಮ್ಮ, ಅಜ್ಜಿ. ಮೇಲೆ ಅವನು, ಅಮ್ಮ, ತಂಗಿ. ಅಪ್ಪ ತೀರಿಕೊಂಡ ವರ್ಷವೇ ಅವನು ಶಾಲೆ ಬಿಟ್ಟದ್ದು. ಸಂಸಾರ ಎರಡಾದರೂ ಮೀಟರ್ ಒಂದೇ. ಕಳೆದ ವರ್ಷ ಕಚೇರಿಯವರು ಬೀದಿಯ ಹಳೇ ಮೀಟರುಗಳನ್ನೆಲ್ಲ ಕಿತ್ತು ಹೊಸವು ಕೂರಿಸಿದ್ದರು. ಆವತ್ತಿನಿಂದ ಈ ಮನೆಯ ಅಂಕಿ ಏರುತ್ತಲೇ ಹೋಗಿತ್ತು. ಈ ಸಲದ ಚೀಟಿಯ ಕೊನೆಯಲ್ಲಿ ಒಂದು ಎಚ್ಚರಿಕೆಯೂ ಅಚ್ಚಾಗಿತ್ತು. ಮುಂದಿನ ಸಲವೂ ಮಿತಿ ಮೀರಿದರೆ ಪೈಪಿನೊಳಗೆ ಸಣ್ಣ ತೂತಿನ ಬಿಲ್ಲೆ ಕೂರಿಸುತ್ತಾರೆ. ಹಾಗಾದರೆ ಕೆಳಗೆ ನೂಲಿನಂತೆ ಬರುತ್ತದೆ, ಮೇಲಿನ ಮಹಡಿಗೆ ಅದೂ ಇಲ್ಲ.

ಹಿಂದಿನ ಸಂಜೆ ದೊಡ್ಡಪ್ಪ ಮೆತ್ತಗೆ ಕರೆದು ಕೇಳಿದ್ದರು. “ನಾಳೆ ನಮ್ಮ ಬೀದಿ ನಿಂದೇ ಅಲ್ವಾ. ಸ್ವಲ್ಪ ಕಮ್ಮಿ ಬರಿ. ನಿನ್ನ ಗಂಟೇನು ಹೋಗುತ್ತೆ?”

“ಕೆಲಸ ಹೋಗುತ್ತೆ,” ಅಂದಿದ್ದ ಇವನು. “ಹೋಗದೇ ಇದ್ದರೂ ಬರೆಯಲ್ಲ.”

ಆ ಎರಡನೇ ಮಾತೇ ದೊಡ್ಡಪ್ಪನಿಗೆ ಚುಚ್ಚಿದ್ದು.

*

ರಾತ್ರಿ ಊಟಕ್ಕೆ ಎಲ್ಲರನ್ನೂ ಕೆಳಗೆ ಕರೆದರು. ಚೀಟಿ ತಟ್ಟೆಯ ಪಕ್ಕದಲ್ಲೇ ಇತ್ತು, ನಂಜಿಕೊಳ್ಳಲು ಬಡಿಸಿದ ಹಾಗೆ.

“ತೊಳೆಯೋದು ನಾಳೆಯಿಂದ ಬಂದ್,” ಅಂದರು ದೊಡ್ಡಪ್ಪ.

“ಬಂದ್ ಮಾಡಿದ್ರೆ ಇವಳ ಕಾಲೇಜು ಹೇಗೆ ನಡೆಯುತ್ತೆ ಭಾವ?” ಅಮ್ಮ ತಂಗಿಯತ್ತ ಗಲ್ಲ ತೋರಿಸಿದಳು.

“ನಾನು ಕೊಡಲ್ಲ ಅಂದೆನಾ?”

“ಕೊಡ್ತೀರಿ. ಕೊಟ್ಟಿದ್ದನ್ನ ಡ್ರೈವರಿಗೂ ಹೇಳ್ತೀರಿ, ಟೈಲರಮ್ಮನಿಗೂ ಹೇಳ್ತೀರಿ.”

ದೊಡ್ಡಮ್ಮನಿಗೆ ಕೆಮ್ಮು ಬಂತು. ಅವಳು ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅನ್ನ ಇನ್ನೂ ಯಾರಿಗೂ ಬೇಕಾಗಿರಲಿಲ್ಲ.

“ನೋಡಿದ್ಯಾ ಅಮ್ಮ, ಬಾಯಿ ಹೇಗಿದೆ,” ಅಂದರು ದೊಡ್ಡಪ್ಪ ಅಜ್ಜಿಯ ಕಡೆ ತಿರುಗಿ. “ಎಲ್ಲೋ ಸೋರಿಕೆ ಇದೆ ಅಂತಾನೆ ಇವಳ ಮಗ. ಗೋಡೆ ಒದ್ದೆ ಆಗಿದ್ಯಾ? ನೆಲ ಒದ್ದೆ ಆಗಿದ್ಯಾ? ಲಾಡ್ಜಿನ ಗಂಟು ಒಂದೇ ಈ ಮನೇಲಿ ಒದ್ದೆ ಆಗೋದು.”

“ಸೋರಿಕೆ ಇದೆ,” ಅಂದ ಕುಕ್ಕರ್. “ಹುಡುಕಿ ತೋರಿಸ್ತೀನಿ.”

“ಏನ್ ತೋರಿಸ್ತೀಯೋ? ಮೀಟರ್ ನೋಡಿ ಬರೆಯೋನು ನೀನು. ಪೈಪು ಹಾಕೋನಲ್ಲ.”

“ದೊಡ್ಡಪ್ಪ, ನಾಲಿಗೆ—”

“ಏಯ್,” ಅಂದಳು ಅಜ್ಜಿ. ಅವಳು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಇಬ್ಬರೂ ಅವಳ ಕಡೆ ತಿರುಗಿದರು. ಹಲ್ಲಿಲ್ಲದ ಬಾಯಲ್ಲಿ ತುತ್ತನ್ನು ನಿಧಾನ ಮುಗಿಸಿ ಅಜ್ಜಿ ತೀರ್ಪು ಕೊಟ್ಟಳು. “ಬರೋ ರೀಡಿಂಗ್ ತನಕ ಅವಳು ತೊಳೀಲಿ. ಅಷ್ಟರೊಳಗೆ ಇವನು ಹುಡುಕಲಿ. ಅಂಕಿ ಇಳೀಲಿಲ್ಲ ಅಂದ್ರೆ ಅವಳು ನಿಲ್ಲಿಸ್ತಾಳೆ. ಏನಮ್ಮ?”

“ನಿಲ್ಲಿಸ್ತೀನಿ ಅತ್ತೆ,” ಅಂದಳು ಅಮ್ಮ. ಆಮೇಲೆ ಎಲ್ಲರ ತಟ್ಟೆ ತಾನೇ ಎತ್ತಿಕೊಂಡು ಹೋಗಿ ತೊಳೆದಳು. ನಲ್ಲಿ ಎಷ್ಟು ಸಣ್ಣಗೆ ಬಿಟ್ಟಿದ್ದಳೆಂದರೆ ಹೊರಗೆ ಸದ್ದೇ ಕೇಳಲಿಲ್ಲ.

*

ಅವನು ಮೊದಲು ಮಾಡಿದ್ದು ಅಮ್ಮನ ಮೇಲಿನ ಆರೋಪ ಅಳೆದು ನೋಡುವ ಕೆಲಸ. ತೊಳೆಯುವ ಮುಂಚೆ ಒಮ್ಮೆ, ತೊಳೆದಾದ ಮೇಲೆ ಒಮ್ಮೆ ಮೀಟರ್ ನೋಡುವುದು. ಆದರೆ ಅವನ ಕಣ್ಣು ದೊಡ್ಡಪ್ಪನಿಗೆ ನಡೆಯದು.

“ಕಳ್ಳನ ಪರ ಅವನ ತಮ್ಮನೇ ಸಾಕ್ಷಿ,” ಅಂದರು. “ನಮ್ಮ ಕಡೆಯವರೊಬ್ಬರು ನೋಡಲಿ.”

ಅವರ ಕಡೆಯವಳು ಅಂದರೆ ದೊಡ್ಡಮ್ಮ. ಅವಳು ಕನ್ನಡಕ ಏರಿಸಿ, ಸೀರೆ ಎತ್ತಿ ಕಟ್ಟಿ, ಗುಂಡಿಯ ಮುಂದೆ ಕೂತಳು. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ಏನೋ ಬಿದ್ದುಹೋಗಿದೆ ಅಂದುಕೊಂಡು ಬಗ್ಗಿ ನೋಡಿ ಹೋದರು. ಅವನು ಗಾಜಿನ ಮೇಲಿನ ಕೆಸರು ಒರೆಸಿದ. ದೊಡ್ಡಮ್ಮ ಎಲ್ಲ ಅಂಕಿಗಳನ್ನೂ ಒಂದೇ ಉಸಿರಿಗೆ ಓದಿ ಲಕ್ಷದ ಮೇಲೆ ಹೋಗಿ ಗಾಬರಿಯಾದಳು.

“ಇಷ್ಟು ನೀರು ಕುಡಿದ್ವಾ ನಾವು? ಇದರಲ್ಲಿ ಊರೇ ಮುಳುಗುತ್ತಲ್ಲೋ.”

“ದೊಡ್ಡಮ್ಮ, ಕಪ್ಪು ಅಂಕಿ ಬೇರೆ, ಕೆಂಪು ಬೇರೆ. ಕಪ್ಪು ಒಂದು ಅಂಕಿ ಮುಂದೆ ಹೋದ್ರೆ ಸಾವಿರ ಲೀಟರ್. ಬಿಲ್ಲಿಗೆ ಅಷ್ಟೇ. ಕೆಂಪು ಬರೀ ಚಿಲ್ಲರೆ.”

“ಚಿಲ್ಲರೆ ಬಿಟ್ಟು ನಿಮ್ಮ ದೊಡ್ಡಪ್ಪನ ಜೊತೆ ಸಂಸಾರ ಮಾಡಿದೀನಾ ನಾನು? ಅದನ್ನೂ ಹೇಳಿಕೊಡು.”

ಹೇಳಿಕೊಟ್ಟ. ಅಂಕಿಗಳ ಕೆಳಗೆ ನಕ್ಷತ್ರದಂಥ ಪುಟ್ಟ ಚಕ್ರ ಇರುತ್ತದೆ, ಎಲ್ಲಾದರೂ ನೀರು ಹರಿಯುತ್ತಿದ್ದರೆ ಸಾಕು, ಅದು ತಿರುಗುತ್ತದೆ ಅಂತಲೂ ತೋರಿಸಿದ. ಮನೆಯೊಳಗೆ ಯಾರೋ ಏನೋ ಮಾಡುತ್ತಿದ್ದರು. ಚಕ್ರ ತಿರುಗುತ್ತಿತ್ತು. ದೊಡ್ಡಮ್ಮನಿಗೆ ಅದು ಬಹಳ ಹಿಡಿಸಿತು.

ಅಮ್ಮ ಲಾಡ್ಜಿನ ಗಂಟು ಬಿಚ್ಚಿ, ಹಾಸುಬಟ್ಟೆ, ದಿಂಬಿನ ಚೀಲ, ಟವೆಲ್ಲು ಎಲ್ಲ ಒಗೆದು ಹಿಂಡಿ ತಂತಿಗೆ ಹಾಕಿದ ಮೇಲೆ ದೊಡ್ಡಮ್ಮ ಮತ್ತೆ ಬಂದು ಓದಿದಳು. ಕೆಂಪು ಅಂಕಿ ಅಲ್ಲಿಂದಿಲ್ಲಿಗೆ ಸ್ವಲ್ಪ ಜರುಗಿತ್ತು, ಅಷ್ಟೇ.

ಕುಕ್ಕರಿಗೆ ಕುಣಿಯುವಷ್ಟು ಸಂತೋಷ. ಆ ಸಂಜೆ ದೊಡ್ಡಪ್ಪನಿಗೆ ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡಲಿಲ್ಲ.

“ನಿಮ್ಮ ಕಡೆಯವರೇ ಓದಿದ್ದು. ಕೇಳಿ. ಅಮ್ಮ ಬಳಸೋ ನೀರು ಲೆಕ್ಕಕ್ಕೇ ಇಲ್ಲ.”

“ಹಾಗಾದ್ರೆ ನೀರನ್ನ ಗಾಳಿ ಕುಡೀತಾ?”

“ನಿಮ್ಮ ಹೊಸ ಬಾತ್‌ರೂಮ್ ಕುಡೀತಿರಬೇಕು.”

ದೊಡ್ಡಪ್ಪ ಚಪ್ಪಲಿ ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಕೆಳಗಿನ ಬಾತ್‌ರೂಮು ಅವರ ಹೆಮ್ಮೆ. ಬಂದವರನ್ನೆಲ್ಲ ಕುಡಿಯಲು ನೀರು ಕೊಡುವ ಮುಂಚೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು.

*

ಭಾನುವಾರ ಪರೀಕ್ಷೆ ಇಟ್ಟುಕೊಂಡರು. ಮನೆಯ ಎಲ್ಲ ನಲ್ಲಿಗಳನ್ನೂ ನಿಲ್ಲಿಸುವುದು, ಯಾರೂ ಏನೂ ಬಳಸದೆ ಮೀಟರ್ ನೋಡುವುದು. ಎಲ್ಲ ನಿಂತ ಮೇಲೂ ಚಕ್ರ ತಿರುಗಿದರೆ ಸೋರಿಕೆ ಇದೆ ಅಂತ. ಅವನು ಗುಂಡಿಯ ಹತ್ತಿರ ನಿಂತು ಕೂಗಿದ.

“ಮೇಲೆ ನಿಲ್ಲಿಸಿದ್ರಾ?”

“ನಿಲ್ಸಿದೆ ಅಣ್ಣ,” ಅಂದಳು ತಂಗಿ ಬಾಲ್ಕನಿಯಿಂದ.

“ಅಡಿಗೆ ಮನೆ?”

“ನಿಂತಿದೆ ಮರಿ,” ದೊಡ್ಡಮ್ಮ.

“ಅಜ್ಜಿ, ನಿನ್ನ ಬಚ್ಚಲು?”

“ತಿರುಗಿಸಿದ್ದೀನಪ್ಪ. ನಾನೇನು ತೆರೆದಿಟ್ಟುಕೊಂಡು ಕೂತಿದೀನಾ?”

ಚಕ್ರ ತಿರುಗುತ್ತಲೇ ಇತ್ತು. ದೊಡ್ಡಪ್ಪನೇ ಬಗ್ಗಿ ನೋಡಿದರು, ಎದ್ದರು, ಮತ್ತೆ ಬಗ್ಗಿ ನೋಡಿದರು. ಕುಕ್ಕರ್ ಆಗ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸುಮ್ಮನಿರುವುದು ಅವನ ಜಾಯಮಾನವೇ ಅಲ್ಲ.

“ಈಗ ನಿಮ್ಮ ಬಾತ್‌ರೂಮಿನ ಬಂಡವಾಳ ಬಯಲಿಗೆ ಬರುತ್ತೆ,” ಅಂದ, ಡ್ರೈವರಿಗೂ ಕೇಳುವಂತೆ. ಅಮ್ಮನ ಬಟ್ಟೆ ನೀಲಿಯ ಬಾಟಲಿ ತಂದು ಕೆಳಗಿನ ಫ್ಲಶ್ ಟ್ಯಾಂಕಿಗೆ ಸುರಿದ. ಪಕ್ಷಪಾತ ಅನ್ನಬಾರದು ಅಂತ ಮೇಲಿನದಕ್ಕೂ ಸುರಿದ. ಫ್ಲಶ್ ಮಾಡದೆ ಬಿಟ್ಟಾಗ ಟ್ಯಾಂಕಿನ ನೀಲಿ ತಾನಾಗಿ ಕಕ್ಕಸಿಗೆ ಇಳಿದು ಬಂದರೆ ಟ್ಯಾಂಕಿನ ತಳದ ರಬ್ಬರ್ ಹಾಳಾಗಿದೆ ಅಂತ ಅರ್ಥ.

ಎಲ್ಲರೂ ಕಾಫಿ ಕುಡಿದರು. ಆಮೇಲೆ ನೋಡಿದರೆ ಕೆಳಗಿನದು ಬೆಳ್ಳಗೆ ಹೊಳೆಯುತ್ತಿತ್ತು. ಮೇಲಿನದರಲ್ಲಿ ನೀಲಿ ಗೆರೆ ಇಳಿದು ತಳದಲ್ಲಿ ಮಡುಗಟ್ಟಿತ್ತು.

ದೊಡ್ಡಪ್ಪ ಮಹಡಿ ಮೆಟ್ಟಿಲು ಹತ್ತಿ ಬಂದು ನೋಡಿದರು. ಕೆಳಗಿಳಿದು ಡ್ರೈವರನ್ನು ಕರೆದುಕೊಂಡು ಮತ್ತೆ ಹತ್ತಿದರು. “ಬನ್ನಿ ಬನ್ನಿ, ಮುಚ್ಚುಮರೆ ಏನಿಲ್ಲ. ನಮ್ಮ ತಜ್ಞರು ಕಂಡುಹಿಡಿದಿದಾರೆ.” ಡ್ರೈವರ್ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಕ್ಕಸನ್ನು ಗಂಭೀರವಾಗಿ ಪರಿಶೀಲಿಸಿ, “ಬಣ್ಣ ಚೆನ್ನಾಗಿದೆ,” ಅಂದರು.

ಅಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಗನ ಮುಖ ನೋಡಲಿಲ್ಲ.

ಅವನು ಅಂಗಡಿಗೆ ಹೋಗಿ ರಬ್ಬರ್ ತಂದು ಬದಲಾಯಿಸಿದ. ನೀಲಿ ಇಳಿಯುವುದು ನಿಂತಿತು. ಹೋಗಿ ಮೀಟರ್ ನೋಡಿದ. ಚಕ್ರ ಸ್ವಲ್ಪ ನಿಧಾನವಾಗಿತ್ತು. ನಿಂತಿರಲಿಲ್ಲ.

“ಇನ್ನೊಂದಿದೆ,” ಅಂದ.

“ಸಾಕು ಮುಚ್ಚು ನಿನ್ನ ಅಂಗಡಿ,” ಅಂದರು ದೊಡ್ಡಪ್ಪ. “ತೂತು ನಿಮ್ಮದೇ, ಗಂಟೂ ನಿಮ್ಮದೇ. ರೀಡಿಂಗ್ ದಿನ ನೋಡ್ಕೊಳ್ಳೋಣ.”

*

ಮರುವಾರ ಅವನು ಊಟಕ್ಕೆ ಕೂತರೂ ಒಂದೇ ಯೋಚನೆ, ಬೀದಿ ಸುತ್ತಿದರೂ ಅದೇ. ಕಚೇರಿಯಲ್ಲಿ ಸೋರಿಕೆ ಹುಡುಕುವ ಹಳೇ ಕೆಲಸಗಾರನೊಬ್ಬನಿದ್ದ. ಎಲ್ಲರೂ ಕಿವಿ ಮಾವ ಅನ್ನುತ್ತಿದ್ದರು. ಅವನ ಹತ್ತಿರ ಮೊಳಕೈಯುದ್ದದ ಕಬ್ಬಿಣದ ಸಲಾಕೆ. ಒಂದು ತುದಿ ಪೈಪಿಗೆ, ಇನ್ನೊಂದು ತುದಿಯ ಮರದ ಬಟ್ಟಲು ಕಿವಿಗೆ.

“ಎರವಲು ಕೊಡ್ತೀನಿ,” ಅಂದ ಕಿವಿ ಮಾವ. “ಆದರೆ ಸಿಟ್ಟಲ್ಲಿ ಕಿವಿ ಇಡಬೇಡ. ನಿನ್ನ ರಕ್ತ ಓಡೋದೇ ಕೇಳ್ಸುತ್ತೆ.”

ಸಿಟ್ಟಲ್ಲೇ ಇಟ್ಟ. ಗೇಟಿನಿಂದ ಗೋಡೆಯ ತನಕ ಮಂಡಿಯೂರಿ ಹೋದ. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ, “ಏನಪ್ಪ, ನೆಲ ಏನಂತೆ?” ಅಂದಳು. ನೆಲ ಏನೂ ಹೇಳಲಿಲ್ಲ. ಮೇಲಿನ ಮಹಡಿಗೆ ಹೋಗುವ ಪೈಪಿನ ವಾಲ್ವ್ ತಿರುಗಿಸಿ ಪೂರ್ತಿ ಮುಚ್ಚಿದ. ಚಕ್ರ ತಿರುಗುತ್ತಲೇ ಇತ್ತು. ಅಂದರೆ ಸೋರಿಕೆ ಕೆಳಗಿನ ಭಾಗದಲ್ಲೇ. ಆದರೆ ಅವನು ಸಲಾಕೆ ಹಿಡಿದು ಕೆಳಗಿನ ಮನೆಯ ಹೊಸ್ತಿಲು ದಾಟಿದರೆ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

“ಟೈಲ್ಸ್ ಮೇಲೆ ಆ ಕಬ್ಬಿಣ ಇಟ್ಟೆ ಅಂದ್ರೆ ಅದನ್ನೇ ತಗೊಂಡು ಬಾರಿಸ್ತೀನಿ.”

ದಿನಗಳು ಸರಿಯುತ್ತಿದ್ದವು. ಒಂದು ಸಂಜೆ ಅಮ್ಮ ರೊಟ್ಟಿ ಲಟ್ಟಿಸುತ್ತಾ, “ಮಾರ್ಕೆಟ್ ಹಿಂದೆ ಒಂದು ಶೆಡ್ ನೋಡಿಬಂದೆ,” ಅಂದಳು. “ಅಲ್ಲಿ ಬೋರ್‌ವೆಲ್ ನೀರಿದೆ. ಬೆಳಿಗ್ಗೆ ಬೇಗ ಹೋದ್ರೆ ಜಾಗ ಸಿಗುತ್ತೆ.”

“ಯಾಕೆ ನೋಡಿದೆ? ಹುಡುಕ್ತಿದೀನಲ್ಲ ನಾನು.”

“ಹುಡುಕು. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನೀರಿನ ಮೇಲಿಲ್ಲ.”

“ಅಷ್ಟು ದೂರ ಒದ್ದೆ ಗಂಟು ಹೊರ್ತೀಯಾ? ಸೊಂಟ ಏನಾಗುತ್ತೆ?”

“ಸೊಂಟ ನಂದು,” ಅಂದಳು ಅಮ್ಮ. “ತೊಳೆಯೋದು ಮಾತ್ರ ನಾನು ಬಿಡಲ್ಲ. ಇಲ್ಲಿ ಬೇಡ ಅಂದ್ರೆ ಅಲ್ಲಿ. ತಟ್ಟೆ ಇಡು ಬಾ.”

ತಂಗಿ, “ನಾನು ಬೇಕಾದ್ರೆ ಕಾಲೇಜು—” ಅಂತ ಶುರುಮಾಡಿದಳು. ಅಮ್ಮ ಲಟ್ಟಣಿಗೆ ಎತ್ತಿ ತೋರಿಸಿದಳು. ತಂಗಿ ತಟ್ಟೆ ಇಟ್ಟಳು.

*

ಈ ನಡುವೆ ದೊಡ್ಡಮ್ಮನಿಗೆ ಮೀಟರ್ ಹುಚ್ಚು ಹಿಡಿದಿತ್ತು. ಬೆಳಿಗ್ಗೆ ಗೇಟಿಗೆ ಹಾಲಿಗೆ ಹೋದವಳು ಮುಚ್ಚಳ ಎತ್ತಿ ನೋಡಿಯೇ ಬರುತ್ತಿದ್ದಳು. ಸ್ನಾನಕ್ಕೆಷ್ಟು, ಪಾತ್ರೆಗೆಷ್ಟು ಎಲ್ಲ ಅವಳ ಬಾಯಲ್ಲಿ. “ನಿಮ್ಮ ದೊಡ್ಡಪ್ಪನ ಗಡ್ಡಕ್ಕೆ ಎಷ್ಟು ನೀರು ಬೇಕು ಅಂತ ನನಗೀಗ ಗೊತ್ತಾಯ್ತು. ಕುರಿ ಮೈ ತೊಳೀಬಹುದು,” ಅನ್ನುತ್ತಿದ್ದಳು.

ಒಂದು ದಿನ ಅವನು ಕೆಲಸಕ್ಕೆ ಹೊರಟಾಗ ಗೇಟಿನಲ್ಲೇ ತಡೆದಳು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ನಿನ್ನೆ ನಾನು ನಮ್ಮ ಬಚ್ಚಲಲ್ಲಿ ಒಂದೇ ಒಂದು ಬಕೆಟ್ ಬಟ್ಟೆ ಒಗೆದೆ. ನಿಮ್ಮಮ್ಮ ಆವತ್ತು ಆ ಗುಡ್ಡದಷ್ಟು ಒಗೆದಾಗ ತಿರುಗಿದ್ದಕ್ಕಿಂತ ಕೆಂಪು ಅಂಕಿ ಜಾಸ್ತಿ ತಿರುಗಿತ್ತು. ನಿಮ್ಮಮ್ಮ ಏನು, ಮಂತ್ರ ಹಾಕಿ ಒಗೀತಾಳಾ?”

“ಅಮ್ಮನಿಗೆ ನೀರಿನ ಬೆಲೆ ಗೊತ್ತು. ನಿಮಗೆ—” ಅಂದವನು ಅಲ್ಲೇ ನಿಂತ.

ದೊಡ್ಡಮ್ಮ ಕೊಂಕು ನುಡಿದಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಈ ಪ್ರಶ್ನೆ ಅವನೇ ಕೇಳಿಕೊಳ್ಳಬೇಕಿತ್ತು, ಆವತ್ತೇ. ಒಂದು ಹಾಸುಬಟ್ಟೆ ಜಾಲಿಸಲು ಎಷ್ಟು ನೀರು ಬೇಕೆಂದು ಯಾರಿಗೆ ಗೊತ್ತಿಲ್ಲ? ಗೆದ್ದೆ ಅನ್ನುವ ಉಮೇದಿನಲ್ಲಿ, ಗೆಲ್ಲಿಸಿದ ಅಂಕಿ ಸರಿಯೋ ಅಂತ ನೋಡಿರಲಿಲ್ಲ.

ಚೀಲ ಹೆಗಲಲ್ಲೇ ಇತ್ತು. ಸಂದಿಯಲ್ಲಿ ಹಿತ್ತಲಿಗೆ ನಡೆದ. ಅಮ್ಮ ಒಗೆಯುವ ಕಲ್ಲಿನ ಮುಂದೆ ಕೂತು, ಪಕ್ಕದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಮೊಗೆಯುತ್ತಿದ್ದಳು. ಅದು ತಾತನ ಕಾಲದ ತೊಟ್ಟಿ. ನೆಲದೊಳಗೆ ಹುಗಿದದ್ದು, ಮೇಲೆ ಚಪ್ಪಡಿ. ಮೊಗೆಯಲು ಒಂದು ಮೂಲೆ ಮಾತ್ರ ತೆರೆದಿತ್ತು.

“ಅಮ್ಮ, ಈ ನೀರು ಎಲ್ಲಿಂದ ಬರುತ್ತೆ?”

“ಅತ್ತೆ ತುಂಬಿಸಿರ್ತಾರೆ.”

“ಯಾವಾಗ?”

ಅಮ್ಮ ಯೋಚಿಸಿದಳು. “ತುಂಬಿಸೋದು ನೋಡಿಲ್ಲ. ಯಾವಾಗ ಬಂದ್ರೂ ತುಂಬಿರುತ್ತೆ. ಇದು ಮೀಟರಿಗೆ ಬರದ ನೀರು, ಯಾರಿಗೂ ಹೇಳಬೇಡ, ನಿಶ್ಚಿಂತೆಯಿಂದ ತೊಳಿ ಅಂದಿದಾರೆ. ನಾನು ಮಳೆ ನೀರೇನೋ ಅಂದುಕೊಂಡಿದ್ದೆ.”

“ಮಳೆ ಬಂದು ಎಷ್ಟು ದಿನ ಆಯ್ತಮ್ಮ?”

ಅವನು ಚಪ್ಪಡಿಗೆ ಹೆಗಲು ಕೊಟ್ಟು ಸರಿಸಿದ. ಅಜ್ಜಿಯ ಬಚ್ಚಲಿನ ಗೋಡೆಯಿಂದ ಬೆರಳು ಗಾತ್ರದ ಕೊಳವೆಯೊಂದು ತೊಟ್ಟಿಯೊಳಕ್ಕೆ ಇಳಿದಿತ್ತು. ಅದರ ತುದಿಯಿಂದ ಸದ್ದಿಲ್ಲದೆ, ಪಾಚಿಯ ಮೇಲೆ ಜಾರುತ್ತಾ, ಎಳೆಯಷ್ಟು ನೀರು. ಎದುರು ಬದಿಯಲ್ಲಿ ತೊಟ್ಟಿಯ ಕಂಠದ ಹತ್ತಿರ ಇನ್ನೊಂದು ತೂತು. ತುಂಬಿ ಹೆಚ್ಚಾದದ್ದೆಲ್ಲ ಆ ತೂತಿನಿಂದ ನೆಲದೊಳಗಿನ ಚರಂಡಿಗೆ ಹೋಗುತ್ತಿತ್ತು, ಹಗಲೂ ರಾತ್ರಿ, ಯಾರ ಕಣ್ಣಿಗೂ ಬೀಳದೆ.

*

ಅಜ್ಜಿ ಮಂಚದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ದೊಡ್ಡಪ್ಪ ಆಫೀಸಿಗೆ ಹೋಗಿದ್ದರು.

“ಅಜ್ಜಿ, ಬಚ್ಚಲಿನ ಹಿಂದಿನ ನಲ್ಲಿ ತೆರೆದಿದ್ಯಾ?”

“ತೆರೆದಿಲ್ಲ. ಸಡಿಲ ಬಿಟ್ಟಿದೀನಿ.”

“ಆವತ್ತು ಎಲ್ಲಾ ನಿಲ್ಲಿಸಿ ಅಂದೆನಲ್ಲ.”

“ಅದೇನು ನೀರು ಬಿಡೋದಾ? ಹನಿ. ಹನಿಗೆ ಮೀಟರ್ ತಿರುಗಲ್ಲ. ನಿಮ್ಮ ತಾತ ಇದ್ದಾಗಿಂದಲೂ ಹೀಗೇ ಬಿಟ್ಟುಕೊಂಡು ಬಂದಿದೀವಿ. ಸಣ್ಣಗೆ ಬಿಟ್ಟರೆ ಲೆಕ್ಕಕ್ಕೆ ಸಿಗದೆ ತೊಟ್ಟಿ ತುಂಬುತ್ತೆ. ಬೀದಿಗೆಲ್ಲ ಗೊತ್ತಿದ್ದ ವಿಷಯ ಇದು. ನೀನು ಮೀಟರಿನವನಾಗಿ ಇದೂ ಗೊತ್ತಿಲ್ವಾ?”

ಗೊತ್ತಿತ್ತು. ಹಳೇ ಮೀಟರುಗಳ ಕಾಲಕ್ಕೆ ಅದು ನಿಜವಾಗಿತ್ತು. ಸವೆದ ಹಲ್ಲಿನ ಮೀಟರು ಎಳೆ ನೀರಿಗೆ ಅಲುಗುತ್ತಿರಲಿಲ್ಲ. ಅವನು ಅಜ್ಜಿಯ ತೋಳು ಹಿಡಿದು ಎಬ್ಬಿಸಿದ. ಮಂಡಿ ನೋವಿನ ಅಜ್ಜಿ ಬೈದುಕೊಂಡೇ ಗೇಟಿನ ತನಕ ಬಂದಳು. ಅಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಗಿ ಮಾಡಿದಳು. ಚಕ್ರ ನಿಂತಿತು. ಇಷ್ಟು ವಾರಗಳಲ್ಲಿ ಅವನು ಮೊದಲ ಸಲ ಅದು ನಿಂತದ್ದನ್ನು ನೋಡಿದ. ಅಮ್ಮ ಮತ್ತೆ ಸಡಿಲಿಸಿದಳು. ತಿರುಗಿತು.

ಅಜ್ಜಿ ಗೇಟು ಹಿಡಿದು ಬಗ್ಗಿ ನೋಡಿದಳು.

“ಹಾಳಾದ್ದಕ್ಕೆ ಕಣ್ಣಿದೆ,” ಅಂದಳು.

ಅಲ್ಲಿ ಅವನ ಕಟ್ಟೆ ಒಡೆಯಿತು. “ಕಣ್ಣಿದೆ ಅಜ್ಜಿ, ಕಣ್ಣಿದೆ. ಬೀದೀಲಿ ಬೈಸಿಕೊಂಡಿದ್ದು ನಾನು. ಶೆಡ್ ಹುಡುಕಿಕೊಂಡು ಅಲೆದಿದ್ದು ಅಮ್ಮ. ನೀನು ತಟ್ಟೆ ಮುಂದೆ ಕೂತು ತೀರ್ಪು ಕೊಟ್ಟೆ. ಬರೋ ರೀಡಿಂಗ್ ತನಕ ಅಂತೆ.”

“ಅಜ್ಜಿ ಜೊತೆ ಹಾಗೆ ಮಾತಾಡ್ತಾರೇನೋ?” ಅಮ್ಮ ಓಡಿಬಂದಳು.

“ಬೈಯಲಿ ಬಿಡಮ್ಮ,” ಅಂದಳು ಅಜ್ಜಿ. “ನೀನು ತೊಳೆಯೋಕೆ ಶುರು ಮಾಡಿದ ದಿನವೇ ನಿನ್ನ ಭಾವ ಮುಖ ಗಂಟು ಹಾಕಿದ್ದ. ನನ್ನ ಕೈಲಿ ಇನ್ನೇನಿದೆ ನಿನಗೆ ಕೊಡೋಕೆ? ಯಾರ ಲೆಕ್ಕಕ್ಕೂ ಬರದ ನೀರಾದರೂ ಕೊಡೋಣ ಅಂದುಕೊಂಡೆ.” ಆಮೇಲೆ ಮೊಮ್ಮಗನ ಕಡೆ ತಿರುಗಿದಳು. “ನಿನ್ನ ದೊಡ್ಡಪ್ಪನಿಗೆ ಹೇಳಬೇಡ ಅಂತ ನಾನು ಕೇಳಲ್ಲ. ಹೇಳೋದಾದ್ರೆ ನನ್ನ ಎದುರಿಗೇ ಹೇಳು. ಅಷ್ಟೇ.”

ಅವನು ಚೀಲ ಎತ್ತಿಕೊಂಡು ಬಿರುಸಾಗಿ ಹೊರಟುಹೋದ. ಆವತ್ತು ಮೂರು ಮನೆಗಳಲ್ಲಿ ಜಗಳ ಆಡಿದ, ನಾಯಿಯೊಂದಕ್ಕೂ ಬೈದ.

ಮರುದಿನ ದೊಡ್ಡಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ತೊಟ್ಟಿಗೆ ಇಳಿದ. ಕೊಳವೆಯ ತುದಿಗೆ ತೇಲುವ ಚೆಂಡಿನ ನಲ್ಲಿ ಕೂರಿಸಿದ. ತೊಟ್ಟಿ ತುಂಬಿದರೆ ಚೆಂಡು ಮೇಲೆದ್ದು ನೀರು ತಾನಾಗಿ ನಿಲ್ಲುತ್ತದೆ. ಅಮ್ಮ ಮೇಲಿನಿಂದ ಒಂದೊಂದೇ ಸಾಮಾನು ಕೊಡುತ್ತಿದ್ದಳು.

“ನಾನು ತೊಳೆಯೋಕೆ ಬಳಸೋದು ಎಷ್ಟು? ಚರಂಡಿಗೆ ಹೋಗಿದ್ದು ಎಷ್ಟು? ನನ್ನ ಮುಖ ನೋಡಿ ಹೇಳಬೇಡ, ಇರೋದು ಹೇಳು.”

“ನಿಂದು ಕಾಲು ಭಾಗ ಇದ್ದೀತು. ಮಿಕ್ಕಿದ್ದು ಚರಂಡಿಗೆ.”

“ಸರಿ. ಆ ಕಾಲು ಭಾಗ ನಾನೇ ಕಟ್ತೀನಿ. ಭಾವನಿಗೆ ನಾನೇ ಹೇಳ್ತೀನಿ. ಬಿಲ್ಲಿಗೆ ಬರೋ ನೀರಲ್ಲಿ ತೊಳೀತಿದೀನಿ ಅಂತ ಗೊತ್ತಿದ್ದಿದ್ರೆ ಮುಂಚೇನೇ ಕಟ್ಟಿರ್ತಿದ್ದೆ.”

“ಅಜ್ಜಿ ವಿಷಯ?”

ಅಮ್ಮ ಸ್ಪ್ಯಾನರ್ ಕೈಗೆ ಕೊಟ್ಟಳು. “ಬಿಗಿ ಮಾಡು. ಸೋರ್ತಿದೆ ನೋಡು ಅಲ್ಲಿ.”

ಆ ರಾತ್ರಿ ಊಟದ ಹೊತ್ತಿಗೆ ಅಮ್ಮ ಕೆಳಗಿಳಿದು ಹೋಗಿ, “ಈ ಸಲದಿಂದ ಬಿಲ್ಲಿನಲ್ಲಿ ತೊಳೆಯೋ ನೀರಿನ ಪಾಲು ನಂದು ಭಾವ,” ಅಂದು, ಉತ್ತರಕ್ಕೆ ಕಾಯದೆ ಬಂದಳು. ಕೆಳಗೆ ದೊಡ್ಡಪ್ಪ ದೊಡ್ಡಮ್ಮನನ್ನು ಕೇಳುವುದು ಮೆಟ್ಟಿಲ ತನಕ ಕೇಳಿಸಿತು. “ಇದ್ದಕ್ಕಿದ್ದ ಹಾಗೆ ಇವಳಿಗೇನಾಯ್ತೇ?”

“ನನ್ನೇನು ಕೇಳ್ತೀರಿ? ನಾನು ಮೀಟರ್ ಮಾತ್ರ ಓದೋದು,” ಅಂದಳು ದೊಡ್ಡಮ್ಮ.

*

ರೀಡಿಂಗ್ ದಿನ ಬಂತು. ಕುಕ್ಕರ್ ಬೀದಿಯ ತುದಿಯಿಂದ ಒಂದೊಂದೇ ಮನೆ ಮುಗಿಸುತ್ತಾ ಬಂದ. ದೊಡ್ಡಪ್ಪ ಆಗಲೇ ಗೇಟಿನಲ್ಲಿದ್ದರು. ಡ್ರೈವರಿಗೆ ಹೇಳಿಯೂ ಇಟ್ಟಿದ್ದರು. ಟೈಲರಮ್ಮ ಯಾರೂ ಹೇಳದೆಯೇ ಬಂದಿದ್ದಳು.

ಮುಚ್ಚಳ ಎತ್ತಿದ, ಗಾಜು ಒರೆಸಿದ, ಅಂಕಿ ಒತ್ತಿದ. ಯಂತ್ರ ಚೀಟಿ ಉಗುಳಿತು. ಅಂಕಿ ಇಳಿದು, ಅಂಚಿನಲ್ಲಾದರೂ ಮಿತಿಯೊಳಗಿತ್ತು. ಕೊನೆಯಲ್ಲಿ ಎಚ್ಚರಿಕೆಯ ಸಾಲು ಇರಲಿಲ್ಲ.

ದೊಡ್ಡಪ್ಪ ಚೀಟಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಕೊನೆಗೂ ಬುದ್ಧಿ ಬಂತು ಅನ್ನಿ,” ಅಂದರು ಡ್ರೈವರ್ ಕಡೆ ತಿರುಗಿ. “ನಾನು ಹೇಳಿದಾಗ ಹರಿಶ್ಚಂದ್ರನ ಹಾಗೆ ಮಾತಾಡಿದ. ಈಗ ಅಮ್ಮನ ಗಂಟಿಗೆ ಕುತ್ತು ಬಂತಲ್ಲ, ತಾನೇ ತಿದ್ದಿದ.”

“ಸ್ವಲ್ಪ ಸರೀರಿ,” ಅಂದಳು ದೊಡ್ಡಮ್ಮ. ಎಲ್ಲಿಂದ ಬಂದಳೋ, ಕನ್ನಡಕ ಏರಿಸಿ ಗುಂಡಿಯ ಮುಂದೆ ಕೂತೇಬಿಟ್ಟಳು. ಕಪ್ಪು ಅಂಕಿ ಓದಿದಳು, ಕೆಂಪು ಅಂಕಿ ಓದಿದಳು, ಗಂಡನ ಕೈಯಿಂದ ಚೀಟಿ ಕಿತ್ತುಕೊಂಡು ತಾಳೆ ನೋಡಿದಳು. “ಸರಿಯಾಗೇ ಇದೆ. ಬೇಕಾದ್ರೆ ನೀವೇ ಬಗ್ಗಿ ನೋಡಿ. ಚಕ್ರ ಕೂಡ ನಿಂತಿದೆ.”

ಡ್ರೈವರ್ ನಕ್ಕರು. ಟೈಲರಮ್ಮ ಸೆರಗು ಬಾಯಿಗೆ ಹಿಡಿದಳು. ಹೆಂಡತಿಯ ಕೈಲಿ ಬೀದಿಯಲ್ಲಿ ಸೋತ ಗಂಡಸಿನ ಕಿವಿ ಹೇಗೆ ಕೆಂಪಾಗುತ್ತದೋ ಹಾಗೆ ದೊಡ್ಡಪ್ಪನ ಕಿವಿ ಕೆಂಪಾಯಿತು.

“ಹಾಗಾದ್ರೆ ತೂತು ಎಲ್ಲಿತ್ತು?” ಅಂದರು. “ಕೇಳ್ತಿದೀನಿ, ಹೇಳು. ಇಷ್ಟು ದಿನ ಸೋರಿಕೆ ಸೋರಿಕೆ ಅಂತ ಊರು ಒಂದು ಮಾಡಿದೆ. ಸಿಕ್ಕಿದೆ ಅಂದಮೇಲೆ ಎಲ್ಲಿ ಸಿಕ್ತು ಅಂತ ಹೇಳೋಕೇನು ರೋಗ?”

ಹಿತ್ತಲಿನಿಂದ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದು ನಿಂತಿದ್ದಳು.

“ಹೇಳಲ್ಲ ಇವನು,” ಅಂದರು ದೊಡ್ಡಪ್ಪ, ಗೆಲುವಿನ ದಾರಿ ಸಿಕ್ಕವರಂತೆ ದನಿ ಏರಿಸಿ. “ಯಾಕೆ ಹೇಳ್ತಾನೆ? ಇವನಮ್ಮನದೇ ಏನೋ ಕಿತಾಪತಿ ಇರಬೇಕು. ಅದಕ್ಕೇ ಪಾಲು ಕೊಡ್ತೀನಿ ಅಂತ ಬಂದಳು. ಕದ್ದವರು ತಾನೇ ಬಾಯಿ ಮುಚ್ಚಿಕೊಳ್ಳೋದು.”

ಕುಕ್ಕರ್ ಅಜ್ಜಿಯ ಕಡೆ ನೋಡಿದ. ಎರಡೇ ಮಾತು ಸಾಕಿತ್ತು. ಎರಡು ಮಾತಾಡಿದರೆ ದೊಡ್ಡಪ್ಪ ಈ ಗೇಟಿನಲ್ಲಿ ಮತ್ತೆ ತಲೆ ಎತ್ತಿ ನಿಲ್ಲುತ್ತಿರಲಿಲ್ಲ. ಅಜ್ಜಿ ಆ ಅಡಿಗೆಮನೆಯ ಅನ್ನವನ್ನು ತಲೆ ಎತ್ತಿ ಉಣ್ಣುತ್ತಲೂ ಇರಲಿಲ್ಲ.

“ಹೇಳಪ್ಪ,” ಅಂದಳು ಅಜ್ಜಿ ಬಾಗಿಲಿನಿಂದಲೇ. ಅವಳ ದನಿ ನಡುಗಲಿಲ್ಲ. “ಕೇಳ್ತಿದಾನಲ್ಲ. ನಾನೂ ಇಲ್ಲೇ ಇದೀನಿ. ಹೇಳು.”

ಅವನು ಕಬ್ಬಿಣದ ಮುಚ್ಚಳವನ್ನು ಕಾಲಿನಿಂದ ಜರುಗಿಸಿ ಗುಂಡಿಗೆ ಕೂರಿಸಿದ. ಕೈಗೆ ಹತ್ತಿದ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡ. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ಡ್ರೈವರ್ ಮನೆಯ ಗೇಟಿನ ಕಡೆ ನಡೆದ.